ಕೋಲು ತಿರುಗುವ ಮೊದಲು ಕಾಲು ತಿರುಗಬೇಕು

ವಿಜಯದಶಮಿಯ ಮರುದಿನದ ಪತ್ರಿಕೆಯಲ್ಲಿ ದೇವರಗಟ್ಟಿನ ಸುದ್ದಿ ತಪ್ಪುವುದೇ ಇಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡ ಯುವಕ, ದೀವಟಿಗೆಯ ಬೆಳಕಿನಲ್ಲಿ ಮೇಲೆದ್ದ ಬಡಿಗೆಗಳು, ಆಸ್ಪತ್ರೆಗೆ ಸಾಗಿಸಿದವರ ಲೆಕ್ಕ. ವರ್ಷ ಬದಲಾದಂತೆ ಚಿತ್ರ ಬದಲಾಗುತ್ತದೆ, ಅದರ ಕೆಳಗಿನ ಒಕ್ಕಣೆ ಮಾತ್ರ ಹಾಗೇ ಇರುತ್ತದೆ. ಕೌತಾಳಂ, ಹೊಳಗುಂದ, ಆಲೂರು ಕಡೆಯವರಿಗೆ ಅದು ಬನ್ನಿ ಹಬ್ಬ. ಹೈದರಾಬಾದಿನ ಟಿವಿಯವರಿಗೆ ಅದು 'ಬಡಿಗೆ ಕಾಳಗ'. ಬೆಂಗಳೂರಿನವರಿಗೆ ಅದು ಎಲ್ಲೋ ಆಂಧ್ರದ ಸುದ್ದಿ, ಅಲ್ಲಿ ಬಡಿಗೆ ಹಿಡಿದವರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕನ್ನಡ ಆಡುವವರು ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ದೇವರಗಟ್ಟು ಕರ್ನೂಲು ಜಿಲ್ಲೆಯ ಹೊಳಗುಂದ ಮಂಡಲದ ಒಂದು ಗುಡ್ಡ. ಮೇಲೆ ಮಾಳಮ್ಮ, ಮಲ್ಲೇಶ್ವರರ ಗುಡಿ. ಮಣಿ, ಮಲ್ಲ ಎಂಬ ರಕ್ಕಸರನ್ನು ಶಿವ ಭೈರವನಾಗಿ ಬಂದು ಕೊಂದ ಎಂಬುದು ಇಲ್ಲಿನ ಕತೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದರೂ ಇದೇ ಕತೆ ಕೇಳುತ್ತೀರಿ. ದಶಮಿಯ ನಡುರಾತ್ರಿ ದೇವರ ಕಲ್ಯಾಣ ಮುಗಿಸಿ ಮೂರ್ತಿಗಳನ್ನು ಗುಡ್ಡದಿಂದ ಇಳಿಸುತ್ತಾರೆ. ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಮೂರ್ತಿಗಳ ಸುತ್ತ ಬಡಿಗೆ ಹಿಡಿದು ಕಾವಲು ನಿಂತರೆ, ಅರಿಕೇರ, ಎಳ್ಳಾರ್ತಿ, ಸುಳುವಾಯಿ, ವಿರೂಪಾಪುರ ಮೊದಲಾದ ಊರುಗಳವರು ಎದುರಿಂದ ನುಗ್ಗುತ್ತಾರೆ. 'ಡುರ್ರ್... ಗೋಪರಾಕ್' ಎಂಬ ಕೂಗಿಗೆ ಕಾಡೇ ನಡುಗುತ್ತದೆ. ಬೆಳಗಿನ ಜಾವ ಬಸವಣ್ಣನ ಗುಡಿಯಲ್ಲಿ ಅರ್ಚಕರು ಬರುವ ವರ್ಷದ ಭವಿಷ್ಯ ನುಡಿಯುತ್ತಾರೆ. ಮಳೆ ಹೇಗೆ, ಹತ್ತಿಗೆ ಏನು ಧಾರಣೆ, ಜೋಳಕ್ಕೆ ಏನು ಧಾರಣೆ ಎಂದು ಕೇಳಿಸಿಕೊಂಡು ಜನ ಗಾಯಕ್ಕೆ ಅರಿಶಿನ ಒತ್ತಿಕೊಂಡು ಊರ ದಾರಿ ಹಿಡಿಯುತ್ತಾರೆ.

ಹೊಡೆದಾಟ ಎಂದರೆ ಆ ಊರಿನವರಿಗೆ ಸಿಟ್ಟು ಬರುತ್ತದೆ, ಬರುವುದು ನ್ಯಾಯವೇ. ಹಗೆ ತೀರಿಸಿಕೊಳ್ಳಲು ಯಾರೂ ಅಲ್ಲಿಗೆ ಹೋಗುವುದಿಲ್ಲ. ಹಬ್ಬ ಮುಗಿಯುವ ತನಕ ಬಾಡು, ಹೆಂಡ, ಹೆಂಡತಿಯ ಸಂಗ ಬಿಟ್ಟು ಬರಿಗಾಲಲ್ಲಿ ಓಡಾಡುವ ವ್ರತಸ್ಥರು ಕಾವಲಿನವರಲ್ಲಿದ್ದಾರೆ. ಆದರೂ ಪ್ರತಿವರ್ಷ ಹತ್ತಾರು ತಲೆ ಒಡೆಯುತ್ತವೆ, ಕೆಲವು ವರ್ಷ ಹೆಣವೂ ಬಿದ್ದಿದೆ. ನಿಷೇಧ ಹೇರಬೇಕು ಅನ್ನುವವರು ಒಂದು ಕಡೆ, ದೇವರ ಕೆಲಸಕ್ಕೆ ಅಡ್ಡ ಬರಬೇಡಿ ಅನ್ನುವವರು ಇನ್ನೊಂದು ಕಡೆ. 2020ರಲ್ಲಿ ಕೊರೊನಾ ಹೆಸರಿನಲ್ಲಿ ನಿಷೇಧ ಹೇರಿದ್ದೂ ಆಯಿತು, ಜನ ಬಡಿಗೆ ಹಿಡಿದು ಬಂದದ್ದೂ ಆಯಿತು.

ಈ ಜಗಳದ ನಡುವೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಆ ರಾತ್ರಿ ಬಡಿಗೆ ಎತ್ತುವ ಸಾವಿರಾರು ಕೈಗಳಲ್ಲಿ, ದಶಮಿಗೆ ಮೊದಲು ಒಂದು ದಿನವಾದರೂ ಬಡಿಗೆ ತಿರುಗಿಸಿ ಕಲಿತ ಕೈ ಎಷ್ಟು? ನನ್ನ ಪ್ರಕಾರ ಬಡಿಗೆಗಿಂತ ದೊಡ್ಡ ಅಪಾಯ ಬಡಿಗೆ ಗೊತ್ತಿಲ್ಲದ ಕೈ. ವರ್ಷಪೂರ್ತಿ ಮೈಗೆ ಬುದ್ಧಿ ಕಲಿಸಬಲ್ಲ ಒಂದು ಸಾಧನವನ್ನು ನಾವು ಅಟ್ಟದ ಮೇಲೆ ಇಟ್ಟು, ಒಂದೇ ರಾತ್ರಿಗೆ ಇಳಿಸುತ್ತಿದ್ದೇವೆ.

ಹಾಗಂತ ಈ ಸೀಮೆಗೆ ತಾಲೀಮು ಹೊಸದಲ್ಲ. ಆದೋನಿ, ಆಲೂರು, ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಅಂದು ಬಳ್ಳಾರಿ ಮೈಸೂರಿಗೆ ಹೋಯಿತು, ಇವು ಮೂರು ಆಂಧ್ರಕ್ಕೆ ಸೇರಿದವು. ಗೆರೆ ಬಿದ್ದದ್ದು ಕಂದಾಯದ ಕಡತಗಳಲ್ಲಿ. ಸಿರುಗುಪ್ಪದ ಕಡೆ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಕುರಿ ಹಿಂಡಿನ ಹಿಂದೆ ಕೋಲು ಹೆಗಲಿಗೆ ಅಡ್ಡ ಹಾಕಿ ನಡೆಯುವವರೂ ನಿಲ್ಲಲಿಲ್ಲ. ಗರಡಿಯಲ್ಲಿ ಸಾಮು, ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ, ಅದರ ನಡುವೆ ದೊಣ್ಣೆವರಸೆ. ಇಲ್ಲಿನ ಮೊಹರಂನಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ವಿಂಗಡಿಸಲು ಹೋದವನಿಗೆ ಕೆಲಸ ಕೆಡುತ್ತದೆ. ಕೌತಾಳಂನಲ್ಲಿ ಖಾದರ್‌ಲಿಂಗ ಸ್ವಾಮಿಯ ದರ್ಗಾ ಇದೆ, ಹೆಸರಲ್ಲೇ ಎರಡೂ ಇವೆ. ತೆಲುಗಿನವರು ಕರ್ರಸಾಮು ಅನ್ನುವುದನ್ನೇ ನಮ್ಮವರು ದೊಣ್ಣೆವರಸೆ ಎಂದರು, ಕಲಿಸುವವನನ್ನು ಇಬ್ಬರೂ ಉಸ್ತಾದ್ ಎಂದರು.

ಅಂಥ ಒಬ್ಬ ಉಸ್ತಾದರು ಕೌತಾಳಂನ ಅಂಚಿನ ಕಣದಲ್ಲಿ ಹುಡುಗರಿಗೆ ಹೇಳಿಕೊಡುವುದನ್ನು ಒಂದು ಸಂಜೆ ಕೂತು ನೋಡಿದೆ. 'ಹೆಸರು ಗಿಸರು ಬರಿಬ್ಯಾಡಪ' ಎಂದಿದ್ದಾರೆ, ಹಾಗಾಗಿ ಬರೆಯುವುದಿಲ್ಲ. ಹದಿಮೂರು ಹದಿನಾಲ್ಕರ ಹುಡುಗನೊಬ್ಬ ಎರಡೂ ಕೈಲಿ ಬಿದಿರಿನ ಕೋಲು ಹಿಡಿದು ಬಿರಬಿರನೆ ತಿರುವುತ್ತಿದ್ದ. ನೋಡಲು ಚೆಂದವೇ ಇತ್ತು. ಉಸ್ತಾದರಿಗೆ ಹಿಡಿಸಲಿಲ್ಲ.

'ಏನ್ ತಮ್ಮಾ, ಹತ್ತಿ ಕಟಿಗಿ ಬೀಸಿದಂಗ ಬೀಸಕ್ಕತ್ತೀಯಲ್ಲೋ. ಕಾಲು ಎಲ್ಲಿ ಐತಿ ನೋಡ್ಕ ಮೊದ್ಲು.'

'ಕೈ ನೋಯ್ತಾವ ತಾತಾ.'

'ನೋಯ್ತಾವ ಅಂದ್ರ ಬರೇ ಕೈಲೇ ತಿರುವಕ್ಕತ್ತಿ ಅಂತ. ಸೊಂಟದ್ಲೆ ತಿರುವು.'

ಆಮೇಲೆ ಅವರು ಹುಡುಗನ ಕೈಯಿಂದ ಕೋಲು ಇಸಿದುಕೊಂಡು ನೆಲಕ್ಕೆ ಇಟ್ಟರು. ಉಳಿದ ಹೊತ್ತೆಲ್ಲ ಬರಿಗೈ. ಎಡಗಾಲು ಮುಂದೆ, ಬಲಗಾಲು ಹಿಂದೆ, ಮಂಡಿ ತುಸು ಸಡಿಲ, ಹಿಮ್ಮಡಿ ನೆಲಕ್ಕೆ ಅಂಟಿಯೂ ಅಂಟದಂತೆ. ಮುಂದಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಒಂದು, ಓರೆಯಾಗಿ ಎಡಕ್ಕೆ, ಓರೆಯಾಗಿ ಬಲಕ್ಕೆ. ಹೆಜ್ಜೆ ಇಡುವಾಗ ತಲೆ ಮೇಲೆ ಕೆಳಗೆ ಆಗಬಾರದು. ಕಣ್ಣು ನೆಲ ನೋಡಬಾರದು. ಹುಡುಗನಿಗೆ ಬೇಜಾರು, ಅದು ಮುಖದಲ್ಲೇ ಕಾಣುತ್ತಿತ್ತು. ಉಸ್ತಾದರು ಅತ್ತ ನೋಡಲೂ ಇಲ್ಲ.

'ಸೊಂಟದ್ಲೆ ತಿರುವು' ಎಂಬ ಅವರ ಮಾತಿನಲ್ಲಿ ಕೋಲಿನ ವಿದ್ಯೆಯ ಅರ್ಧ ಇದೆ. ಬಲ ಹುಟ್ಟುವುದು ಪಾದ ನೆಲವನ್ನು ಒತ್ತುವಲ್ಲಿ. ಅದು ಮಂಡಿ, ಸೊಂಟ, ಬೆನ್ನು, ಭುಜದ ಮೂಲಕ ಏರಿ ಬಂದು ಮಣಿಕಟ್ಟಿನಲ್ಲಿ ಕೋಲಿಗೆ ದಾಟುತ್ತದೆ. ಸೊಂಟ ತಿರುಗದೆ ಕೈ ಮಾತ್ರ ತಿರುಗಿದರೆ ಇಡೀ ಮೈ ಹೊರಬೇಕಾದ ಭಾರವನ್ನು ಮುಂಗೈಯ ಸಣ್ಣ ಸ್ನಾಯುಗಳು ಹೊರಬೇಕಾಗುತ್ತದೆ, ಅವು ಹತ್ತು ನಿಮಿಷದಲ್ಲಿ ಕೈ ಚೆಲ್ಲುತ್ತವೆ. ದಣಿದ ಕೈಯ ಹಿಡಿತ ಜಾರುತ್ತದೆ, ಜಾರಿದ ಕೋಲು ಪಕ್ಕದವನ ಕಿವಿಗೆ ಬೀಳುತ್ತದೆ.

ಹಿಡಿತದ್ದೂ ಒಂದು ಲೆಕ್ಕವಿದೆ. ಒಂದೇ ಕೋಲನ್ನು ನಡುವೆ ಹಿಡಿದು ತಿರುಗಿಸುವುದಕ್ಕೂ ತುದಿ ಹಿಡಿದು ತಿರುಗಿಸುವುದಕ್ಕೂ ಬೇಕಾಗುವ ಶ್ರಮದಲ್ಲಿ ಎಷ್ಟು ವ್ಯತ್ಯಾಸ? ಎರಡು ಪಟ್ಟು ಎಂದು ಬಹುಪಾಲು ಜನ ಅಂದಾಜು ಮಾಡುತ್ತಾರೆ. ನಿಜದಲ್ಲಿ ನಾಲ್ಕು ಪಟ್ಟು. ತಿರುಗುವ ವಸ್ತುವಿನ ಜಡತ್ವವು ಅಕ್ಷದಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹೀಗಾಗುತ್ತದೆ. ಹತ್ತನೇ ತರಗತಿ ದಾಟಿ ಭೌತಶಾಸ್ತ್ರ ಓದಿದವರಿಗೆ ಇದು ನೆನಪಿರಬಹುದು. ಅದಕ್ಕೇ ಕಲಿಕೆ ಶುರುವಾಗಬೇಕಾದದ್ದು ನಡುಹಿಡಿಯಿಂದ. ನಡುಹಿಡಿ ಪಳಗಿದ ಮೇಲೆ ಕೋಲನ್ನು ಮೂರು ಪಾಲು ಮಾಡಿ ಎರಡು ಕೈ ಇಡುವ ಹಿಡಿ, ತುದಿಹಿಡಿ ಬರುವುದು ಕಟ್ಟಕಡೆಗೆ. ದೇವರಗಟ್ಟಿನ ಫೋಟೋ ಯಾವುದನ್ನಾದರೂ ತೆಗೆದು ನೋಡಿ, ಹೆಚ್ಚಿನವರು ತುದಿ ಹಿಡಿದೇ ಎತ್ತಿರುತ್ತಾರೆ.

ಅಲ್ಲಿನ ಬಡಿಗೆಗಳಿಗೆ ಕಬ್ಬಿಣದ ಬಳೆ ತೊಡಿಸುವ ರೂಢಿಯನ್ನೂ ಇದೇ ಲೆಕ್ಕದಲ್ಲಿ ತೂಗಬಹುದು. ಅರ್ಧ ಕಿಲೋ ತೂಕದ ಐದೂವರೆ ಅಡಿ ಕೋಲು ಎಂದಿಟ್ಟುಕೊಳ್ಳಿ. ತುದಿಗೆ ನೂರು ಗ್ರಾಂ ತೂಕದ ಒಂದು ಬಳೆ ಸಿಕ್ಕಿಸಿದರೆ ಒಟ್ಟು ತೂಕ ಏರುವುದು ಶೇಕಡಾ 20. ಅದೇ ವೇಗದಲ್ಲಿ ಬೀಸಿದಾಗ ಏಟಿನ ಶಕ್ತಿ ಏರುವುದು ಶೇಕಡಾ 60. ಬೀಸಿದವನಿಗೆ ಭಾರ ಸ್ವಲ್ಪವೇ ಹೆಚ್ಚಿದಂತೆ ಅನ್ನಿಸುತ್ತದೆ, ತಲೆಬುರುಡೆಗೆ ಹಾಗೆ ಅನ್ನಿಸುವುದಿಲ್ಲ. ಬಳೆ ಇಲ್ಲದ ಕೋಲೇನೂ ಸಾಧುವಲ್ಲ. ನಡುವೆ ಹಿಡಿದು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ, ಪಳಗಿದ ಹುಡುಗರು ಇದನ್ನು ಸಲೀಸಾಗಿ ಮಾಡುತ್ತಾರೆ, ತುದಿಯ ವೇಗ ಗಂಟೆಗೆ 38 ಕಿಲೋಮೀಟರ್ ಆಗುತ್ತದೆ. ಹಳ್ಳಿ ರಸ್ತೆಯಲ್ಲಿ ಮೋಟಾರ್ ಸೈಕಲ್ ಓಡುವ ವೇಗ.

ಅಷ್ಟು ವೇಗದ ವಸ್ತುವನ್ನು ಮೈಗೆ ತಾಕದಂತೆ ಸುತ್ತಿಸುವಾಗ ಮಿದುಳಿಗೆ ಏನು ಕೆಲಸ ಎಂಬುದು ಸ್ವಾರಸ್ಯದ ವಿಷಯ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಪ್ರತಿ ಸುತ್ತಿಗೂ ಕೈಗಳು ಮೈಯ ನಡುಗೆರೆಯನ್ನು ದಾಟಿ ಆಚೆ ಹೋಗಿ ಬರಬೇಕು. ಬಲಗೈ ತಳ್ಳುವಾಗ ಎಡಗೈ ಎಳೆಯಬೇಕು, ಅರೆಗಳಿಗೆಯಲ್ಲಿ ಕೆಲಸ ಅದಲುಬದಲಾಗಬೇಕು. ಕೋಲಿನ ಹಿಂದಿನ ತುದಿ ಕಣ್ಣಿಗೆ ಕಾಣುವುದೇ ಇಲ್ಲ, ಅದು ಎಲ್ಲಿದೆ ಎಂದು ಅಂಗೈಯ ಒತ್ತಡ ಮತ್ತು ಕೀಲುಗಳೊಳಗಿನ ಅರಿವಿನಿಂದಲೇ ತಿಳಿಯಬೇಕು. ಎದುರಾಳಿ ಇದ್ದರೆ ಕಣ್ಣು ಅವನ ಕೋಲಿನ ಮೇಲಿರಬಾರದು, ಎದೆ ಮತ್ತು ಭುಜದ ಮೇಲಿರಬೇಕು. ಕೋಲಿಗಿಂತ ಮೊದಲು ಭುಜ ಅಲುಗುತ್ತದೆ, ಅಲ್ಲಿಯೇ ಏಟಿನ ಸುಳಿವು. ಇದನ್ನೆಲ್ಲ ಒಟ್ಟಿಗೆ ಮಾಡಿಸುವ ಕಸರತ್ತು ಬೇರೆ ಹೆಚ್ಚಿಲ್ಲ. ಜಿಮ್ಮಿನಲ್ಲಿ ಡಂಬೆಲ್ ಎತ್ತುವಾಗ ಒಂದು ಕೀಲು, ಒಂದು ದಿಕ್ಕು. ಕೋಲು ಹಾಗೆ ಬಿಡಿಬಿಡಿಯಾಗಿ ಇರಲು ಮೈಗೆ ಅವಕಾಶ ಕೊಡುವುದಿಲ್ಲ.

ಎಡಗೈ ವಿಷಯ ಬಂತಲ್ಲ, 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಒಂದು ಕುತೂಹಲದ ಸಂಗತಿ ಗಮನಿಸಿದರು. ಒಂದು ಕೈಗೆ ಮಾತ್ರ ಅಭ್ಯಾಸ ಕೊಟ್ಟರೂ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಒಂದಿಷ್ಟು ಏರುತ್ತದೆ. ಆಮೇಲೆ ಬಂದ ಪ್ರಯೋಗಗಳೂ ಅದನ್ನೇ ಹೇಳಿವೆ. ಬಲದ ಒಂದು ಪಾಲು ಸ್ನಾಯುವಿನದ್ದಲ್ಲ, ಸ್ನಾಯುವಿಗೆ ಅಪ್ಪಣೆ ಕೊಡುವ ನರಮಂಡಲದ್ದು ಎಂಬುದು ಅದರ ಅರ್ಥ. ಶುರುವಿನ ಕೆಲವು ವಾರ ಕೋಲು ತಿರುಗಿಸಿದಾಗ ತೋಳು ದಪ್ಪವಾಗದಿದ್ದರೂ ಕೋಲು ಹಗುರಾದಂತೆ ಅನ್ನಿಸುವುದು ಇದಕ್ಕೇ. ಹುಡುಗರು ಕನ್ನಡಿ ಮುಂದೆ ನಿಂತು ತೋಳು ಅಳೆದುಕೊಂಡು ನಿರಾಸೆಯಿಂದ ಬಿಟ್ಟುಬಿಡುವುದೂ ಆ ವಾರಗಳಲ್ಲೇ.

ಮುಷ್ಟಿಯ ಹಿಡಿತದ ಬಗ್ಗೆ ಇನ್ನೂ ದೊಡ್ಡ ಅಧ್ಯಯನವೊಂದಿದೆ. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತವನ್ನು ಅಳೆದು ಕೆಲವು ವರ್ಷ ಹಿಂಬಾಲಿಸಿದರು. ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಸಂಭವ ಶೇಕಡಾ 16ರಷ್ಟು ಹೆಚ್ಚಿತ್ತು. ಇದನ್ನು ಓದಿ ಮುಷ್ಟಿ ಬಿಗಿಮಾಡಿಕೊಂಡವನು ಚಿರಂಜೀವಿ ಎಂದುಕೊಳ್ಳಬೇಡಿ. ಹಿಡಿತ ಇಲ್ಲಿ ಮೈಯ ಒಟ್ಟು ಸ್ಥಿತಿಯನ್ನು ತೋರಿಸುವ ಗುರುತು. ಆದರೆ ಹಿಡಿತ ಉಳಿಯಬೇಕಾದರೆ ಇಡೀ ಮೈ ದುಡಿಯುತ್ತಿರಬೇಕು ಎಂಬುದಂತೂ ಸುಳ್ಳಲ್ಲ.

ರೈತರಿಗೆ ಕಸರತ್ತು ಯಾಕೆ, ಹೊಲದ ಕೆಲಸ ಸಾಲದೇ ಎಂದು ಕೇಳುವವರಿದ್ದಾರೆ. ಆದೋನಿ ಸುತ್ತ ಹತ್ತಿ ಬಿಡಿಸುವ ಹೆಂಗಸರನ್ನು, ಮೆಣಸಿನಕಾಯಿ ಕೀಳುವವರನ್ನು ನೋಡಿ. ದಿನವಿಡೀ ಬೆನ್ನು ಮುಂದಕ್ಕೆ ಬಾಗಿದ್ದು, ಭುಜ ಒಳಕ್ಕೆ ಮಡಚಿದ್ದು. ಕೈ ತಲೆಗಿಂತ ಮೇಲೆ ಹೋಗುವುದು ಮೂಟೆ ಎತ್ತುವಾಗ ಮಾತ್ರ. ದುಡಿಮೆ ಮೈಯನ್ನು ಒಂದೇ ದಿಕ್ಕಿಗೆ ಸವೆಸುತ್ತದೆ. ಕೋಲನ್ನು ಎರಡೂ ಕೈಲಿ ಅಗಲವಾಗಿ ಹಿಡಿದು ನಿಧಾನವಾಗಿ ತಲೆಯ ಮೇಲೆ ಎತ್ತಿ ಇಳಿಸುವುದು, ಬೆನ್ನ ಹಿಂದೆ ಅಡ್ಡ ಹಿಡಿದು ಸೊಂಟ ತಿರುಗಿಸುವುದು, ಇಷ್ಟರಿಂದಲೇ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಉಸ್ತಾದರೂ ಬೇಡ, ವಯಸ್ಸಿನ ಮಿತಿಯೂ ಇಲ್ಲ. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡನ್ನೂ ಪಳಗಿಸುವ ಚಟುವಟಿಕೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಮುದುಕರ ಕೈಯಲ್ಲಿ ಕೋಲು ಹೇಗೂ ಇರುತ್ತದೆ. ಊರುವುದರ ಜೊತೆ ದಿನಕ್ಕೆ ಹತ್ತು ನಿಮಿಷ ತಿರುವಲಿ.

ಕಲಿಕೆಯ ಕ್ರಮದಲ್ಲಿ ಕೇರಳದ ಕಳರಿಯವರು ಬಹಳ ಕಟ್ಟುನಿಟ್ಟು. ಮೊದಲು ಮೈತ್ತಾರಿ, ಅಂದರೆ ಬರೀ ಮೈಯ ಅಭ್ಯಾಸ. ಅದು ಪಕ್ವವಾದ ಮೇಲೆ ಕೋಲ್ತಾರಿ, ಅದರಲ್ಲಿ ಉದ್ದ ಕೋಲು ಕೆಟ್ಟುಕಾರಿ, ಮೂರು ಗೇಣಿನ ಚೆರುವಡಿ ಎಲ್ಲ ಬರುತ್ತವೆ. ಕತ್ತಿ, ಗುರಾಣಿಯ ಅಂಕತ್ತಾರಿ ಅದಕ್ಕೂ ಆಮೇಲೆ. ನಮ್ಮ ಉಸ್ತಾದರು ಕಳರಿ ಕಂಡವರಲ್ಲ. ಆದರೂ ಹುಡುಗನ ಕೈಯಿಂದ ಕೋಲು ಇಸಿದುಕೊಂಡದ್ದು ಅದೇ ವಿವೇಕದಿಂದ.

ಕೊಡಗಿನವರ ಪರಿಯಕಳಿ ನನಗೆ ಇನ್ನೂ ಹೆಚ್ಚು ಇಷ್ಟ. ಪುತ್ತರಿ ಹಬ್ಬದ ಕಾಲದಲ್ಲಿ ಊರ ಮೈದಾನವಾದ ಮಂದ್‌ನಲ್ಲಿ ಆಡುವ ಈ ಆಟದಲ್ಲಿ ಒಂದು ಕೈಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ. ಏಟು ನಿಜವಾದ ಏಟೇ, ಬಾಸುಂಡೆ ಏಳುತ್ತದೆ. ಆದರೆ ಹೊಡೆಯಬೇಕಾದದ್ದು ಮಂಡಿಯ ಕೆಳಗೆ ಮಾತ್ರ. ಈ ಒಂದು ಕಟ್ಟಳೆ ಆಟದ ಸ್ವರೂಪವನ್ನೇ ಬದಲಿಸಿದೆ. ತಲೆ ಸುರಕ್ಷಿತ, ಕಾಲು ಚುರುಕಾಗಲೇಬೇಕು, ಧೈರ್ಯಕ್ಕೂ ಕೊರತೆಯಿಲ್ಲ. ಈಜಿಪ್ಟಿನ ದಕ್ಷಿಣ ಭಾಗದ ರೈತರಲ್ಲಿ ತಹ್ತೀಬ್ ಎಂಬ ಕೋಲಾಟವಿದೆ. ಹಳೆಯ ಕಾಲದಲ್ಲಿ ಅದೊಂದು ಯುದ್ಧವಿದ್ಯೆ. ಈಗ ಮದುವೆ, ಜಾತ್ರೆಗಳಲ್ಲಿ ಡೋಲಿನ ಗತ್ತಿಗೆ ಇಬ್ಬರು ಉದ್ದ ಕೋಲು ಹಿಡಿದು ಆಡುತ್ತಾರೆ, ಏಟು ಮೈಗೆ ತಾಕುವ ಮೊದಲು ನಿಲ್ಲಿಸುವುದೇ ಅಲ್ಲಿ ಗಂಡಸ್ತನ. 2016ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜೋರಾಗಿ ಹೊಡೆಯುವುದು ಸುಲಭ. ಜೋರಾಗಿ ಬೀಸಿ, ಒಂದು ಬೆರಳಿನ ಅಂತರದಲ್ಲಿ ತಡೆಹಿಡಿಯಲು ಸೊಂಟದಿಂದ ಬೆರಳ ತುದಿಯವರೆಗೆ ಪ್ರತಿ ಸ್ನಾಯುವೂ ಮಾತು ಕೇಳಬೇಕು.

ಮನೆಯಲ್ಲೇ ಶುರುಮಾಡಬೇಕೆನ್ನುವವರಿಗೆ ಒಂದೆರಡು ಮಾತು. ಕೋಲು ನೆಲಕ್ಕೆ ಊರಿ ನಿಲ್ಲಿಸಿದರೆ ನಿಮ್ಮ ಹುಬ್ಬಿನ ಮಟ್ಟಕ್ಕೆ ಬರಬೇಕು. ಗಟ್ಟಿ ಬಿದಿರು ಒಳ್ಳೆಯದು, ಗೆಣ್ಣುಗಳನ್ನು ಉಜ್ಜಿ ನುಣುಪು ಮಾಡಿ ಎಣ್ಣೆ ಹಚ್ಚಿಡಿ. ಸೀಳು ಬಿಟ್ಟ ಬಿದಿರನ್ನು ಒಲೆಗೆ ಹಾಕಿ, ಬಳಸಬೇಡಿ, ಸಿಬಿರು ಚುಚ್ಚಿದರೆ ಆಸ್ಪತ್ರೆ ಖರ್ಚು. ಮಕ್ಕಳಿಗೆ ಹಾರ್ಡ್‌ವೇರ್ ಅಂಗಡಿಯ ತೆಳು ಪಿವಿಸಿ ಪೈಪಿಗೆ ಬಟ್ಟೆ ಸುತ್ತಿ ಕೊಟ್ಟರೂ ನಡೆಯುತ್ತದೆ. ಜಾಗ ನೋಡುವಾಗ ಸುತ್ತ ಎಷ್ಟು ಎಂದು ನೋಡುವವರು ಮೇಲೆ ನೋಡುವುದಿಲ್ಲ, ನಮ್ಮ ಊರುಗಳಲ್ಲಿ ಕರೆಂಟಿನ ತಂತಿ ಎಲ್ಲಿ ಜೋತಾಡುತ್ತಿರುತ್ತದೆ ಎಂದು ಹೇಳಲಾಗದು. ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲಿಗೆ ಬೆಳಗ್ಗೆ ಆರರೊಳಗೆ ಮುಗಿಸಬೇಕು. ಮೊದಲ ವಾರಗಳಲ್ಲಿ ಬರೀ ನಿಧಾನ, ಆಮೆಗಿಂತ ನಿಧಾನ. ನಿಧಾನವಾಗಿ ಸರಿ ಬರದ ಸುತ್ತು ವೇಗದಲ್ಲಿ ಸರಿ ಬರುವುದಿಲ್ಲ, ವೇಗ ತಪ್ಪನ್ನು ಮುಚ್ಚುತ್ತದೆ ಅಷ್ಟೇ. ದಿನಕ್ಕೆ ಕಾಲು ಗಂಟೆ ಎಡಬಿಡದೆ ಮಾಡುವುದು ಭಾನುವಾರ ಎರಡು ಗಂಟೆ ಮಾಡುವುದಕ್ಕಿಂತ ಮೇಲು. ತೋಳು ಎತ್ತಿದಾಗ ಭುಜದ ಮುಂಭಾಗದಲ್ಲಿ ಚುಳಕ್ ಎಂದರೆ ನಿಲ್ಲಿಸಿ. ಸ್ನಾಯು ದಣಿದ ನೋವು ಬೇರೆ, ಕೀಲಿನ ನೋವು ಬೇರೆ.

ಇಷ್ಟು ಹೇಳಿ ಒಂದು ತಡೆಯನ್ನು ಹೇಳದಿದ್ದರೆ ದೇವರಗಟ್ಟಿನ ಮಾತೆತ್ತಿದ್ದು ವ್ಯರ್ಥ. ಮೇಲಿನಿಂದ ತಲೆಗೆ ಏಟು ಬಂದಾಗ ಕಲಿಯದ ಕೈ ಏನು ಮಾಡುತ್ತದೆ? ಕೋಲನ್ನು ಎರಡು ತುದಿಯಲ್ಲಿ ಹಿಡಿದು ನೆಟ್ಟಗೆ ಅಡ್ಡ ಎತ್ತುತ್ತದೆ. ಬಂದ ಏಟು ಅಲ್ಲೇ ನಿಂತು ಅದರ ಬಲವೆಲ್ಲ ಕೋಲಿಗೂ ಮಣಿಕಟ್ಟಿಗೂ ಇಳಿಯುತ್ತದೆ. ಕೋಲು ಮುರಿದರೆ ತಲೆ, ಮುರಿಯದಿದ್ದರೆ ಏಟು ಜಾರಿ ಬಂದು ಬೆರಳು. ಕಲಿತ ಕೈ ಕೋಲನ್ನು ಓರೆಯಾಗಿ ಎತ್ತುತ್ತದೆ. ಒಂದು ತುದಿ ತಲೆಗಿಂತ ಮೇಲೆ, ಇನ್ನೊಂದು ಭುಜದ ಆಚೆ ಕೆಳಗೆ, ಬೆರಳುಗಳು ಏಟು ಬೀಳುವ ಮಗ್ಗುಲಿಗೆ ಬಾರದಂತೆ. ಅದರ ಜೊತೆಗೇ ಕಾಲು ಓರೆಯಾಗಿ ಪಕ್ಕಕ್ಕೆ ಒಂದು ಹೆಜ್ಜೆ ಸರಿಯುತ್ತದೆ. ಏಟು ಕೋಲಿನ ಮೇಲೆ ಜಾರಿ ಭುಜದಾಚೆ ನೆಲಕ್ಕೆ ಹೋಗುತ್ತದೆ. ಎದುರಿನವನು ತನ್ನ ಏಟಿನ ಬೆನ್ನಿಗೇ ಮುಗ್ಗರಿಸುತ್ತಾನೆ. ಬಲ ಬೇಡ, ಹೊತ್ತು ಮತ್ತು ಕೋನ ತಿಳಿದಿದ್ದರೆ ಆಯಿತು. ಕಣದಲ್ಲಿ ಉಸ್ತಾದರು ಹೆಜ್ಜೆಯ ಪಾಠ ಮುಗಿಸಿ ಹುಡುಗನಿಗೆ ಕೋಲು ವಾಪಸು ಕೊಟ್ಟ ಮೇಲೆ ಹೇಳಿಕೊಟ್ಟ ಮೊದಲ ವರಸೆ ಇದೇ. ಹೊಡೆಯುವುದನ್ನು ಆ ದಿನ ಕಲಿಸಲೇ ಇಲ್ಲ.

ಪೊಲೀಸರು ಹಬ್ಬಕ್ಕೆ ಮುಂಚೆ ಊರೂರಿಗೆ ಹೋಗಿ ಬಳೆ ತೊಡಿಸಿದ ಬಡಿಗೆಗಳನ್ನು ಕಿತ್ತುಕೊಳ್ಳುತ್ತಾರೆ, ಹೆಂಡದ ಅಂಗಡಿಗಳ ಮೇಲೆ ಕಣ್ಣಿಡುತ್ತಾರೆ, ಕ್ಯಾಮೆರಾ ಇಡುತ್ತಾರೆ, ಡ್ರೋನ್ ಹಾರಿಸುತ್ತಾರೆ, ಗುಡ್ಡದ ಬುಡದಲ್ಲೇ ತಾತ್ಕಾಲಿಕ ಆಸ್ಪತ್ರೆ ತೆರೆಯುತ್ತಾರೆ. ಇವೆಲ್ಲ ಬೇಕು, ಬಳೆ ಕಿತ್ತುಕೊಳ್ಳುವುದಂತೂ ಬೇಕೇ ಬೇಕು, ಮೇಲಿನ ಲೆಕ್ಕ ನೋಡಿದಿರಲ್ಲ. ಕುಡಿದವನನ್ನು ಗುಡ್ಡ ಹತ್ತಲು ಬಿಡದಿರುವ ಕೆಲಸವನ್ನು ಪೊಲೀಸರಿಗಿಂತ ಊರಿನ ವ್ರತಸ್ಥರು ಚೆನ್ನಾಗಿ ಮಾಡಬಲ್ಲರು, ಅವರ ಮಾತಿಗೆ ಅಲ್ಲಿ ತೂಕವಿದೆ. ಆದರೆ ಕೊನೆಗೂ ನಡುರಾತ್ರಿ ಬಡಿಗೆ ಏಳುತ್ತದೆ. ಏಳುವಾಗ ಸುತ್ತ ಕತ್ತಲೆ, ಹೊಗೆ, ನೂಕುನುಗ್ಗಲು. ಆ ಹೊತ್ತಿನಲ್ಲಿ ಮೈಗೆ ಆಗಲೇ ಗೊತ್ತಿರುವುದಷ್ಟೇ ಕೆಲಸಕ್ಕೆ ಬರುತ್ತದೆ.

ತಮಿಳುನಾಡಿನ ಕೋಲುವರಸೆ ಸಿಲಂಬಂ ಈಗ ಶಾಲಾ ಮಕ್ಕಳ ಪಂದ್ಯಗಳ ಆಟವಾಗಿದೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾದಲ್ಲೂ ಅದಕ್ಕೆ ಮನ್ನಣೆ ಸಿಕ್ಕಿದೆ. ಏಟು ತಾಕಿದ್ದಕ್ಕೆ ಅಂಕ, ತಲೆಗೆ ರಕ್ಷಾಕವಚ, ಹೆಣ್ಣುಮಕ್ಕಳಿಗೂ ಬೇರೆ ವಿಭಾಗ. ಗಡಿಯ ಎರಡೂ ಕಡೆಯ ನಮ್ಮ ಶಾಲೆಗಳಲ್ಲಿ ಮೈದಾನವಿದೆ, ದೈಹಿಕ ಶಿಕ್ಷಣದ ಮೇಷ್ಟ್ರಿದ್ದಾರೆ, ಖರ್ಚು ಅಂದರೆ ಬಿದಿರು. ಕಲಿಸಬಲ್ಲ ಉಸ್ತಾದರು ಮಾತ್ರ ಮುದುಕರಾಗುತ್ತಿದ್ದಾರೆ, ಅವರ ಕಣಕ್ಕೆ ಬರುವ ಹುಡುಗರು ಬೆರಳೆಣಿಕೆಯಷ್ಟು.

ಎಲ್ಲ ಊರಿನಲ್ಲೂ ಎಲ್ಲವನ್ನೂ ಒಮ್ಮೆಗೇ ಮಾಡಲು ಆಗದು, ಸರಿ. ಶ್ರಾವಣದಲ್ಲಿ ಉರುಕುಂದದ ಈರಣ್ಣನ ಗುಡಿಯ ಜನಜಂಗುಳಿ ಅಮಾವಾಸ್ಯೆಗೆ ಕರಗುತ್ತದೆ. ಅಲ್ಲಿಂದ ಭಾದ್ರಪದ ಒಂದು ತಿಂಗಳು, ಆಶ್ವಯುಜದ ಹತ್ತು ದಿನ ಕಳೆದರೆ ವಿಜಯದಶಮಿ. ನಾಲ್ಕು ಹೆಜ್ಜೆ ಮತ್ತು ಆ ಒಂದು ಓರೆ ತಡೆ ಮೈಗೆ ಹತ್ತಲು ದಿನಕ್ಕೆ ಕಾಲು ಗಂಟೆಯಂತೆ ನಲವತ್ತು ದಿನ ಧಾರಾಳವಾಯಿತು.